ಲಕ್ವ ಹೊಡೆದಾಗ ಬೆರಳಿಗೆ ಸೂಜಿ ಚುಚ್ಚಿದರೆ ಜೀವ ಉಳಿಯುತ್ತದೆಯೇ?

ಮನೆಯಲ್ಲಿ ಒಂದು ಸೂಜಿ ಇದ್ದರೆ ಸಾಕು, ಲಕ್ವ ಹೊಡೆದವರನ್ನು ಬದುಕಿಸಬಹುದು ಎನ್ನುವ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ರೋಗಿಯನ್ನು ಇದ್ದ ಜಾಗದಿಂದ ಕದಲಿಸಬೇಡಿ, ಕದಲಿಸಿದರೆ ಮೆದುಳಿನ ಸಣ್ಣ ರಕ್ತನಾಳಗಳು ಒಡೆಯುತ್ತವೆ. ಹತ್ತೂ ಬೆರಳುಗಳ ತುದಿಗೆ ಚುಚ್ಚಿ ಒಂದೊಂದು ಹನಿ ರಕ್ತ ಬರಿಸಿ. ಬಾಯಿ ಸೊಟ್ಟಗಾಗಿದ್ದರೆ ಕಿವಿ ಕೆಂಪಾಗುವವರೆಗೆ ಎಳೆದು ಕಿವಿಯ ಹಾಲೆಗೂ ಚುಚ್ಚಿ. ಸುಧಾರಿಸಿದ ಮೇಲೆ ಆಸ್ಪತ್ರೆಗೆ ಕರೆದೊಯ್ಯಿರಿ. ಇದು ಆ ಸಂದೇಶದ ಸಾರಾಂಶ.

ನಮ್ಮ ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ: ಇದು ಸುಳ್ಳು, ಮತ್ತು ಅಪಾಯಕಾರಿ. ಸೂಜಿಯಿಂದ ಆಗುವ ಗಾಯ ಸಣ್ಣದು. ಅದರ ಹೆಸರಿನಲ್ಲಿ ಕಳೆದುಹೋಗುವ ಸಮಯದಿಂದ ಆಗುವ ನಷ್ಟ ದೊಡ್ಡದು. ಯಾಕೆ ಎಂದು ತಿಳಿಯಲು ನಮ್ಮ ನರವ್ಯೂಹ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ನೋಡೋಣ.

ನಾವು ‘ನರ’ ಎನ್ನುವುದೆಲ್ಲ ನರವಲ್ಲ

ಗೊಂದಲ ಶುರುವಾಗುವುದೇ ನಮ್ಮ ಮಾತಿನಿಂದ. ಡ್ರಿಪ್ ಹಾಕುವಾಗ ನರ್ಸ್ “ನರ ಸಿಗ್ತಾ ಇಲ್ಲ” ಎನ್ನುತ್ತಾರೆ. ಮುಂಗೈ ಮೇಲೆ ಹಸಿರು ಗೆರೆ ಎದ್ದು ಕಂಡರೆ “ನರ ಉಬ್ಬಿದೆ” ಎನ್ನುತ್ತೇವೆ. ಇವೆರಡೂ ರಕ್ತನಾಳಗಳು. ನಿಜವಾದ ನರದೊಳಗೆ ರಕ್ತ ಹರಿಯುವುದಿಲ್ಲ. ಅದು ಬಿಳಿಚಿದ ಹಗ್ಗದಂತಿದ್ದು, ಅದರೊಳಗೆ ಸಾವಿರಾರು ತೆಳು ಎಳೆಗಳಿರುತ್ತವೆ. ಆ ಎಳೆಗಳಲ್ಲಿ ಓಡುವುದು ವಿದ್ಯುತ್ ಸಂಕೇತ. ಮೊಣಕೈ ಬಾಗಿಲಿಗೆ ತಾಗಿದಾಗ ಕಿರುಬೆರಳಿನವರೆಗೆ ಕರೆಂಟ್ ಹೊಡೆದಂತಾಗುತ್ತದಲ್ಲ, ಆಗ ಪೆಟ್ಟು ಬಿದ್ದಿರುವುದು ನಿಜವಾದ ನರಕ್ಕೆ.

ಬೆರಳಿನಿಂದ ರಕ್ತ ತೆಗೆದರೆ ‘ನರ’ ಸಡಿಲವಾಗುತ್ತದೆ ಎಂಬ ನಂಬಿಕೆ ಈ ಎರಡನ್ನೂ ಒಂದೇ ಎಂದುಕೊಂಡಿದ್ದರಿಂದ ಸುಲಭವಾಗಿ ಒಪ್ಪಿಗೆಯಾಗುತ್ತದೆ.

ಸೂಜಿ ಚುಚ್ಚಿದಾಗ ನಿಜಕ್ಕೂ ಏನಾಗುತ್ತದೆ?

ನರವ್ಯೂಹದಲ್ಲಿ ಎರಡು ಭಾಗಗಳಿವೆ. ಮೆದುಳು ಮತ್ತು ಬೆನ್ನುಹುರಿ ಸೇರಿ ಕೇಂದ್ರ ನರವ್ಯೂಹ. ಮೆದುಳಿನಿಂದ ಹೊರಡುವ 12 ಜೊತೆ ಮತ್ತು ಬೆನ್ನುಹುರಿಯಿಂದ ಹೊರಡುವ 31 ಜೊತೆ ನರಗಳು ಮೈಯೆಲ್ಲ ಹರಡಿಕೊಂಡಿವೆ. ಇದು ಹೊರ ನರವ್ಯೂಹ.

ಬೆರಳ ತುದಿಗೆ ಸೂಜಿ ತಾಗಿದೊಡನೆ ಅಲ್ಲಿನ ನರತುದಿಗಳು ಸಂಕೇತ ಕಳಿಸುತ್ತವೆ. ಅದು ತೋಳಿನುದ್ದಕ್ಕೂ ಸಾಗಿ, ಕತ್ತಿನ ಮಟ್ಟದಲ್ಲಿ ಬೆನ್ನುಹುರಿಯನ್ನು ಸೇರುತ್ತದೆ. ಬೆನ್ನುಹುರಿ ಮೆದುಳಿನ ಅಪ್ಪಣೆಗೆ ಕಾಯುವುದಿಲ್ಲ, ತಾನೇ “ಕೈ ಹಿಂದಕ್ಕೆ ತೆಗೆ” ಎಂದು ಸ್ನಾಯುಗಳಿಗೆ ಹೇಳಿಬಿಡುತ್ತದೆ. ಬಿಸಿ ಪಾತ್ರೆ ಮುಟ್ಟಿದಾಗ ಉರಿ ಗೊತ್ತಾಗುವ ಮೊದಲೇ ಕೈ ಹಿಂದೆ ಬಂದಿರುವುದು ಇದೇ ಕಾರಣಕ್ಕೆ. ಶಾಲೆಯಲ್ಲಿ ಓದಿದ ಪರಾವರ್ತಿತ ಪ್ರತಿಕ್ರಿಯೆ ಇದೇ.

ಇತ್ತ ನೋವಿನ ಸುದ್ದಿ ಬೆನ್ನುಹುರಿಯಲ್ಲೇ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ದಾಟಿ, ಮೆದುಳಿನ ಎದುರು ಬದಿಗೆ ಏರುತ್ತದೆ. ಅಲ್ಲಿಗೆ ತಲುಪಿದ ಮೇಲೆಯೇ ನಮಗೆ ನೋವು ಅನ್ನಿಸುವುದು. ಸೂಜಿಯ ಕೆಲಸ ಇಷ್ಟೇ: ಒಂದು ಸುದ್ದಿ ಕಳಿಸುವುದು. ಮೆದುಳಿನಲ್ಲಿ ಕಟ್ಟಿಕೊಂಡ ರಕ್ತನಾಳವನ್ನು ಆ ಸುದ್ದಿ ತೆರೆಯಲಾರದು. ಬದಲಿಗೆ, ನೋವು ಮತ್ತು ಗಾಬರಿಯಿಂದ ರೋಗಿಯ ರಕ್ತದೊತ್ತಡ ಇನ್ನಷ್ಟು ಏರಬಹುದು.

ಇನ್ನು ಹತ್ತು ಹನಿ ರಕ್ತದ ವಿಷಯ. ವಯಸ್ಕರ ಮೈಯಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ. ಹತ್ತು ಹನಿ ಹೋದರೆ ಮೆದುಳಿನ ಮೇಲಿನ ಒತ್ತಡ ಇಳಿಯುವುದಿಲ್ಲ. ಶುಗರ್ ಇರುವವರು ಪರೀಕ್ಷೆಗಾಗಿ ದಿನವೂ ಬೆರಳು ಚುಚ್ಚಿಕೊಳ್ಳುತ್ತಾರೆ. ಸಂದೇಶ ನಿಜವಾಗಿದ್ದರೆ ಅವರಿಗೆ ಲಕ್ವದ ಭಯವೇ ಇರಬಾರದಿತ್ತು. ವಾಸ್ತವದಲ್ಲಿ ಮಧುಮೇಹ ಇರುವವರಿಗೆ ಲಕ್ವದ ಅಪಾಯ ಇತರರಿಗಿಂತ ಹೆಚ್ಚು.

ಒಂದೇ ಪಕ್ಕ ಬಿದ್ದುಹೋಗುವುದೇಕೆ?

ಕೈ ಎತ್ತಬೇಕು ಎಂಬ ಆಜ್ಞೆ ಹೊರಡುವುದು ಮೆದುಳಿನ ಮೇಲ್ಪದರದಿಂದ. ಅಲ್ಲಿಂದ ಕೆಳಗಿಳಿಯುವ ಎಳೆಗಳಲ್ಲಿ ಹೆಚ್ಚಿನವು ಮೆದುಳಿನ ಕಾಂಡದ ಕೆಳತುದಿಯಲ್ಲಿ ಅತ್ತಿಂದಿತ್ತ ದಾಟುತ್ತವೆ. ಆದ್ದರಿಂದ ಎಡ ಮೆದುಳಿಗೆ ಪೆಟ್ಟಾದರೆ ಬಲಗೈ, ಬಲಗಾಲು ಸೋಲುತ್ತವೆ. ಬಲಗೈ ಬಳಸುವ ಬಹುತೇಕರಲ್ಲಿ ಮಾತಿನ ಕೇಂದ್ರ ಕೂಡ ಎಡಬದಿಯಲ್ಲೇ ಇದೆ. ಫ್ರಾನ್ಸಿನ ವೈದ್ಯ ಪಾಲ್ ಬ್ರೋಕಾ 1861ರಲ್ಲಿ, ಮಾತು ಕಳೆದುಕೊಂಡಿದ್ದ ರೋಗಿಯೊಬ್ಬರ ಮೆದುಳನ್ನು ಅವರ ಸಾವಿನ ನಂತರ ಪರೀಕ್ಷಿಸಿದಾಗ ಹಾನಿ ಕಂಡದ್ದು ಎಡಭಾಗದ ಮುಂದಿನ ಭಾಗದಲ್ಲಿ. ಬಲಪಕ್ಕಕ್ಕೆ ಲಕ್ವ ಹೊಡೆದವರಲ್ಲಿ ಹಲವರಿಗೆ ಮಾತೂ ನಿಂತುಹೋಗುವುದು ಇದರಿಂದಲೇ.

ಅಂದರೆ ಲಕ್ವದಲ್ಲಿ ಕೈಯ ನರಕ್ಕೆ ಏನೂ ಆಗಿಲ್ಲ, ಬೆರಳಿಗಂತೂ ಏನೂ ಆಗಿಲ್ಲ. ಫ್ಯೂಸ್ ಹೋಗಿರುವುದು ಟ್ರಾನ್ಸ್‌ಫಾರ್ಮರ್‌ನಲ್ಲಿ. ನಾವು ಮನೆಯ ಬಲ್ಬ್ ಬಿಚ್ಚುತ್ತಾ ಕೂತರೆ ದೀಪ ಹತ್ತುವುದಿಲ್ಲ. ಪಾರಿವಾಳದ ರಕ್ತವನ್ನು ಕೈಕಾಲಿಗೆ ಹಚ್ಚಿ ತಿಕ್ಕುವ ರೂಢಿಗೂ ಇದೇ ಮಾತು ಅನ್ವಯಿಸುತ್ತದೆ.

ಪ್ರತಿ ನಿಮಿಷಕ್ಕೂ ಬೆಲೆ ಇದೆ

ಮೆದುಳಿನ ತೂಕ ಸುಮಾರು 1.4 ಕಿಲೋ. ಮೈತೂಕದಲ್ಲಿ ಅದರ ಪಾಲು ಶೇ. 2ರಷ್ಟೇ ಆದರೂ ನಾವು ಬಳಸುವ ಆಮ್ಲಜನಕದಲ್ಲಿ ಶೇ. 20ರಷ್ಟು ಅದಕ್ಕೇ ಬೇಕು. ಅದರಲ್ಲಿರುವ ಸುಮಾರು 8,600 ಕೋಟಿ ನರಕೋಶಗಳು ನಾಳೆಗೆಂದು ಏನನ್ನೂ ಕೂಡಿಟ್ಟುಕೊಳ್ಳುವುದಿಲ್ಲ. ರಕ್ತ ನಿಂತರೆ ಕೆಲವೇ ನಿಮಿಷಗಳಲ್ಲಿ ಸಾಯತೊಡಗುತ್ತವೆ. ದೊಡ್ಡ ರಕ್ತನಾಳ ಕಟ್ಟಿಕೊಂಡು ಲಕ್ವ ಆದಾಗ ಚಿಕಿತ್ಸೆ ಸಿಗದ ಒಂದೊಂದು ನಿಮಿಷಕ್ಕೂ ಸರಾಸರಿ 19 ಲಕ್ಷ ನರಕೋಶಗಳು ನಾಶವಾಗುತ್ತವೆ ಎಂದು 2006ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಹತ್ತು ಬೆರಳು, ಎರಡು ಕಿವಿ ಮುಗಿಸುವ ಹೊತ್ತಿಗೆ ಎಷ್ಟು ಹೋಗಿರುತ್ತವೆ ಎಂದು ನೀವೇ ಲೆಕ್ಕ ಹಾಕಿ.

ಲಕ್ವ ಎರಡು ರೀತಿ. ಹೆಚ್ಚಿನವು ರಕ್ತನಾಳ ಕಟ್ಟಿಕೊಂಡು ಆಗುವಂಥವು, ಉಳಿದವು ರಕ್ತನಾಳ ಒಡೆದು ಆಗುವಂಥವು. ಎರಡರ ಚಿಕಿತ್ಸೆ ತದ್ವಿರುದ್ಧ, ಹೊರಗಿನಿಂದ ನೋಡಿದರೆ ಎರಡೂ ಒಂದೇ ತರಹ. ಯಾವುದು ಎಂದು ತಿಳಿಯಲು ಸ್ಕ್ಯಾನ್ ಆಗಲೇಬೇಕು. ಕಟ್ಟಿಕೊಂಡ ರಕ್ತನಾಳವಾದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ. ಅದನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಕೆಲವರಿಗೆ ತಂತಿ ತೂರಿಸಿ ಹೆಪ್ಪನ್ನೇ ಹೊರತೆಗೆಯುವ ಚಿಕಿತ್ಸೆಗೆ 24 ಗಂಟೆಯವರೆಗೂ ಅವಕಾಶವಿದೆ. ಆದರೆ ಯಾವ ಚಿಕಿತ್ಸೆಯಾದರೂ ಬೇಗ ಆದಷ್ಟೂ ಒಳ್ಳೆಯದು. “ಕದಲಿಸಬೇಡಿ” ಎಂಬ ಸಾಲು ಈ ಸಂದೇಶದಲ್ಲೇ ಅತಿ ಕೆಟ್ಟ ಸಲಹೆ ಎಂದು ನಾವು ಹೇಳುವುದು ಇದಕ್ಕೇ.

“ನಮ್ಮ ಪಕ್ಕದ ಮನೆಯವರು ಸರಿಹೋದರಲ್ಲ?”

ಹೋಗಿರಬಹುದು. ಕೆಲವೊಮ್ಮೆ ಹೆಪ್ಪು ತಾನಾಗಿಯೇ ಕರಗಿ ಅಥವಾ ಸರಿದು, ಬಿದ್ದ ಕೈ ಕೆಲವು ನಿಮಿಷಗಳಲ್ಲೋ ಗಂಟೆಗಳಲ್ಲೋ ಮೊದಲಿನಂತಾಗುತ್ತದೆ. ಇದಕ್ಕೆ ಮಿನಿ ಸ್ಟ್ರೋಕ್ ಎನ್ನುತ್ತಾರೆ. ಆ ಹೊತ್ತಿಗೆ ಸೂಜಿ ಚುಚ್ಚಿದ್ದರೆ ಕೀರ್ತಿಯೆಲ್ಲ ಸೂಜಿಗೆ. ಆದರೆ ಮಿನಿ ಸ್ಟ್ರೋಕ್ ಎಂದರೆ ದೊಡ್ಡದೊಂದು ಲಕ್ವ ಬರಬಹುದು ಎಂಬ ಎಚ್ಚರಿಕೆ, ಅದರಲ್ಲೂ ಮೊದಲ ಕೆಲವು ದಿನಗಳಲ್ಲಿ. “ಸರಿಹೋಯ್ತು” ಎಂದು ಮನೆಯಲ್ಲೇ ಉಳಿಯಬೇಡಿ, ಅಂದೇ ಆಸ್ಪತ್ರೆಗೆ ಹೋಗಿ.

ಹಾಗಾದರೆ ಮಾಡಬೇಕಾದ್ದೇನು?

ಮುಖ: ನಗಲು ಹೇಳಿ. ಬಾಯಿ ಒಂದು ಪಕ್ಕಕ್ಕೆ ಜೋತುಬಿದ್ದಿದೆಯೇ?

ಕೈ: ಎರಡೂ ಕೈ ಮುಂದೆ ಚಾಚಲು ಹೇಳಿ. ಒಂದು ಕೈ ಕೆಳಗಿಳಿಯುತ್ತಿದೆಯೇ?

ಮಾತು: ಒಂದು ಸರಳ ವಾಕ್ಯ ಹೇಳಿಸಿ. ತೊದಲುತ್ತಾರೆಯೇ, ಅರ್ಥವಿಲ್ಲದ ಮಾತು ಬರುತ್ತಿದೆಯೇ?

ಸಮಯ: ಇವುಗಳಲ್ಲಿ ಒಂದು ಕಂಡರೂ ತಕ್ಷಣ 108ಕ್ಕೆ ಕರೆ ಮಾಡಿ. ಅವರು ಕೊನೆಯ ಬಾರಿ ಸರಿಯಾಗಿದ್ದದ್ದು ಎಷ್ಟು ಗಂಟೆಗೆ ಎಂದು ಬರೆದಿಟ್ಟುಕೊಳ್ಳಿ. ವೈದ್ಯರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಇದೊಂದು.

ಇದ್ದಕ್ಕಿದ್ದಂತೆ ಕಣ್ಣು ಮಂಜಾಗುವುದು, ತೋಲ ತಪ್ಪುವುದು, ಹಿಂದೆಂದೂ ಬಾರದಂಥ ತೀವ್ರ ತಲೆನೋವು ಕೂಡ ಲಕ್ವದ ಲಕ್ಷಣಗಳಿರಬಹುದು. ಸಾಧ್ಯವಾದರೆ ದಿನದ 24 ಗಂಟೆಯೂ ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೇ ನೇರವಾಗಿ ಹೋಗಿ. ನೀರು, ಕಾಫಿ, ಊಟ ಏನನ್ನೂ ಕೊಡಬೇಡಿ. ನುಂಗುವ ಶಕ್ತಿ ಹೋಗಿದ್ದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಮನೆಯಲ್ಲಿರುವ ಆಸ್ಪಿರಿನ್ ಅಥವಾ ಬಿ.ಪಿ. ಮಾತ್ರೆಯನ್ನು ನೀವೇ ಕೊಡಬೇಡಿ. ರಕ್ತನಾಳ ಒಡೆದಿದ್ದರೆ ಆಸ್ಪಿರಿನ್ ರಕ್ತಸ್ರಾವ ಹೆಚ್ಚಿಸಬಹುದು. ವಾಂತಿ ಮಾಡುತ್ತಿದ್ದರೆ ಅಥವಾ ಎಚ್ಚರ ತಪ್ಪಿದ್ದರೆ ಒಂದು ಪಕ್ಕಕ್ಕೆ ಮಲಗಿಸಿ. ಅವರು ದಿನವೂ ತೆಗೆದುಕೊಳ್ಳುವ ಮಾತ್ರೆಗಳ ಚೀಟಿ ಜೊತೆಗಿರಲಿ.

ಸೂಜಿಯ ಸಂದೇಶ ಮತ್ತೆ ಗುಂಪಿಗೆ ಬಂದರೆ, ಕಳಿಸಿದವರ ಮೇಲೆ ರೇಗುವುದು ಬೇಡ; ಒಳ್ಳೆಯ ಮನಸ್ಸಿನಿಂದಲೇ ಕಳಿಸಿರುತ್ತಾರೆ. ಅದರ ಕೆಳಗೆ ಇಷ್ಟನ್ನು ಹಾಕಿ: “ಮುಖ ಸೊಟ್ಟ, ಕೈ ಸೋಲು, ಮಾತು ತೊದಲು: ಒಂದು ಕಂಡರೂ 108. ಸೂಜಿ ಬೇಡ, ಸ್ಕ್ಯಾನ್ ಬೇಕು.”