ಕೊಡದ ಬಾಯಿಗೊಂದು ಅರಿವಿ

ಚಹಾ ಸೋಸುವ ಜರಡಿ ಎಲ್ಲರ ಮನೆಯಲ್ಲೂ ಇದೆ. ನೀರನ್ನೇ ಸೋಸುವ ಅರಿವಿ ನೋಡಿದ್ದೀರಾ?

ಇದು ಶೇಡಬಾಳ, 1925ರಲ್ಲಿ ಜೈನ ಆಚಾರ್ಯ ವಿದ್ಯಾನಂದ ಮುನಿಗಳು ಹುಟ್ಟಿದ ಊರು. ಇಲ್ಲಿ ವ್ರತ ಪಾಲಿಸುವ ಜೈನರು ಕೊಡದ ಬಾಯಿಗೆ ದಪ್ಪ ಹತ್ತಿಬಟ್ಟೆಯನ್ನು ಎರಡು ಪದರ ಮಡಚಿ ಹಾಕಿ ನೀರು ಗಾಳಿಸುತ್ತಾರೆ. ಗಾಳಿಸಿದ ನೀರಿಗೆ 48 ನಿಮಿಷದ ಅವಧಿ, ಆಮೇಲೆ ಮತ್ತೆ ಗಾಳಿಸಬೇಕು.

ನನ್ನ ಮನಸ್ಸು ನಿಲ್ಲುವುದು ಮುಂದಿನ ಕೆಲಸದಲ್ಲಿ. ಬಟ್ಟೆಯನ್ನು ಹಿಂಡುವುದಿಲ್ಲ. ತಿರುವಿ ಹಿಡಿದು, ಗಾಳಿಸಿದ ನೀರನ್ನೇ ಹಾಕಿ, ಅದರಲ್ಲಿ ಸಿಕ್ಕ ಸಣ್ಣ ಜೀವಿಗಳನ್ನು ನೀರು ಸೇದಿದ ಬಾವಿಗೇ ಮೆಲ್ಲಗೆ ಇಳಿಸುತ್ತಾರೆ.

ಬಟ್ಟೆಯಲ್ಲಿ ಸೋಸಿದರೆ ಕುಡಿಯುವವರಿಗೂ ಒಳಿತಿದೆ: ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹಳೆ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ನೀರು ಸೋಸಿದಾಗ ಕಾಲರಾ ಶೇ. 48ರಷ್ಟು ಇಳಿಯಿತೆಂದು 2003ರ ಅಧ್ಯಯನ ತೋರಿಸಿತು. ಬಿಡಿ ಬ್ಯಾಕ್ಟೀರಿಯಾ ಮಾತ್ರ ಬಟ್ಟೆಗೆ ಸಿಗುವುದಿಲ್ಲ; ಸೋಸಿದ ಮೇಲೆ ಕುದಿಸಿಯೇ ಕುಡಿಯಿರಿ.