ಕೂಗಿದ್ದೆಲ್ಲ ಚಿನ್ನವಲ್ಲ!

ಮೊದಲು ಅಂಜನ ಇತ್ತು. ವೀಳ್ಯದೆಲೆಗೆ ಕಪ್ಪು ಬಳಿದು, ಅದರೊಳಗೆ ದಿಟ್ಟಿಸಿ, “ಅಗೋ, ನಿಮ್ಮ ಬಾವಿಕಟ್ಟೆಯ ಹಿಂದೆ ಕೊಪ್ಪರಿಗೆ ಕಾಣ್ತಾ ಇದೆ” ಅನ್ನುವವರು ಊರೂರು ಸುತ್ತುತ್ತಿದ್ದರು. ಈಗ ವೀಳ್ಯದೆಲೆಯ ಜಾಗಕ್ಕೆ ಬ್ಯಾಟರಿ ಬಂದಿದೆ. ಉದ್ದನೆಯ ಕೋಲು, ತುದಿಯಲ್ಲಿ ತಟ್ಟೆಯಂಥ ಸುರುಳಿ, ಹಿಡಿಯ ಬಳಿ ಪುಟ್ಟ ಪರದೆ, ಕಿವಿಗೆ ಹೆಡ್‌ಫೋನು. ಹೆಸರು ಮೆಟಲ್ ಡಿಟೆಕ್ಟರ್.

ಮಡಿಕೇರಿ ದಸರಾಕ್ಕೆ ಬಂದೋಬಸ್ತಿಗೆ ನಿಲ್ಲುವ ಪೊಲೀಸರ ಕೈಯಲ್ಲಿ ಇದರ ತಮ್ಮನನ್ನು ಜನ ನೋಡಿದ್ದಾರೆ. ಆದರೆ ಹವ್ಯಾಸಕ್ಕೆ ಅಂತ ಬರುವ ಯಂತ್ರ ಬೇರೆ. ಕೆಲವು ಸಾವಿರದಿಂದ ಹಿಡಿದು ಲಕ್ಷ ದಾಟುವವರೆಗೂ ಬೆಲೆ ಉಂಟು. ಫೋನಿನಲ್ಲೇ ಬುಕ್ ಮಾಡಿದರೆ ಮನೆ ಬಾಗಿಲಿಗೆ ಬರುತ್ತದೆ. ಬಂದ ಮೇಲೆ ಶುರುವಾಗುವುದೇ ನಿಜವಾದ ಪಾಠ.

ಪೇಟೆಯ ಒಬ್ಬ ಅಂಗಡಿ ಸಾಹುಕಾರರು ಇಂಥದ್ದೊಂದು ತರಿಸಿದರು ಅಂತಲೇ ಇಟ್ಟುಕೊಳ್ಳಿ. ಭಾನುವಾರ ಬೆಳಿಗ್ಗೆ ಅಂಗಡಿಗೆ ರಜೆ. ಯಂತ್ರ ಹಿಡಿದು ತಮ್ಮ ಎರಡು ಎಕರೆ ತೋಟಕ್ಕೆ ಇಳಿದರೆ, ಬೇಲಿಯಾಚೆಯಿಂದ ಪಕ್ಕದ ತೋಟದ ಅಜ್ಜನ ಪ್ರಶ್ನೆ ಗ್ಯಾರಂಟಿ:

“ಎಂಥ ಸಾವ್ಕಾರ್ರೆ, ಕಳೆ ಹೊಡಿಯೋ ಮಿಷನ್ನಾ?”

“ಅಲ್ಲ ಅಜ್ಜ, ನೆಲದೊಳಗೆ ಲೋಹ ಇದ್ರೆ ಹೇಳ್ತದೆ.”

“ಹಾಗಾದ್ರೆ ಅದಕ್ಕೆ ಇಡೀ ದಿನ ಮಾತೇ ಮಾತು ಬಿಡಿ!”

ಅಜ್ಜನ ಮಾತಿನಲ್ಲಿ ಸುಳ್ಳಿಲ್ಲ. ಮೊದಲ ದಿನ ಯಂತ್ರ ಸುಮ್ಮನಿರುವುದೇ ಇಲ್ಲ. ಹತ್ತು ಹೆಜ್ಜೆಗೆ ಹದಿನೈದು ಸಲ ಕೂಗುತ್ತದೆ. ಅಗೆದರೆ ಏನು? ಮುಳ್ಳುತಂತಿಯ ತುಂಡು, ಸೋಡಾ ಮುಚ್ಚಳ, ಗುಟ್ಕಾ ಪೊಟ್ಟಣ, ಮುರಿದ ಕತ್ತಿಯ ತುದಿ. ಬೆಟ್ಟ ಅಗೆದು ಇಲಿ ಹಿಡಿದ ಗಾದೆ ಇಲ್ಲಿ ಅಕ್ಷರಶಃ ನಿಜ. ಇಲಿಯಾದರೂ ಸಿಕ್ಕಿದರೆ ಪುಣ್ಯ!

ಕೊಡಗಿನ ಮಣ್ಣಿಗೆ ಇನ್ನೊಂದು ವಿಶೇಷ. ಇಲ್ಲಿ ಕೋವಿ ಇಲ್ಲದೆ ಹಬ್ಬ ಇಲ್ಲ. ಕೈಲ್‌ಪೋಳ್ದಿಗೆ ಕೋವಿಗೆ ಪೂಜೆ, ತೆಂಗಿನಕಾಯಿಗೆ ಗುಂಡು. ಪುತ್ತರಿಗೆ ಗದ್ದೆಯಲ್ಲಿ ಕದಿರು ತೆಗೆಯುವಾಗ ಗುಂಡು. ಗಂಡುಮಗು ಹುಟ್ಟಿದರೆ ಒಂದು, ಸಾವಾದರೆ ಎರಡು. ತಲೆಮಾರುಗಳಿಂದ ಹೊಡೆದ ತೋಟಾಗಳ ಹಿತ್ತಾಳೆ ಬುಡ, ಸೀಸದ ಚರೆ ಎಲ್ಲಾ ನೆಲದಲ್ಲೇ ಕೂತಿವೆ. ಹಿತ್ತಾಳೆ ಕಂಡರೆ ಯಂತ್ರ ಒಳ್ಳೆ ನಾಣ್ಯ ಕಂಡಂತೆ ಸಿಹಿಯಾಗಿ ಕೂಗುತ್ತದೆ. ಹೊಸಬ ಓಡಿ ಬಂದು ಅಗೆಯುತ್ತಾನೆ. ಖಾಲಿ ತೋಟಾ! ಖಾಲಿಯಾಗಿರದೆ ಹೊಡೆಯದ ತೋಟಾ ಸಿಕ್ಕಿದರೆ ಕುಟ್ಟುವುದು, ಉಜ್ಜುವುದು, ಮಕ್ಕಳ ಕೈಗೆ ಕೊಡುವುದು ಬೇಡವೇ ಬೇಡ. ಅಲ್ಲೇ ಬಿಟ್ಟು ಠಾಣೆಗೆ ತಿಳಿಸುವುದೇ ಸರಿ.

ಗುಂಡು ಹುಡುಕಲು ಹುಟ್ಟಿದ್ದು

ತಮಾಷೆ ಎಂದರೆ ಈ ಯಂತ್ರದ ಮೊದಲ ಕೆಲಸವೂ ಗುಂಡು ಹುಡುಕುವುದೇ ಆಗಿತ್ತು. 1881ರ ಜುಲೈನಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡರಿಗೆ ಗುಂಡು ಬಿತ್ತು. ಗುಂಡು ಮೈಯೊಳಗೆ ಎಲ್ಲಿ ಕೂತಿದೆ ಅಂತ ವೈದ್ಯರಿಗೆ ತಿಳಿಯಲಿಲ್ಲ. ಟೆಲಿಫೋನು ಕಂಡುಹಿಡಿದ ಗ್ರಹಾಂ ಬೆಲ್ ಒಂದು ವಿದ್ಯುತ್ ಯಂತ್ರ ಮಾಡಿಕೊಂಡು ಬಂದ. ಗುಂಡು ಮಾತ್ರ ಸಿಗಲೇ ಇಲ್ಲ. ಹಾಸಿಗೆಯೊಳಗಿದ್ದ ಲೋಹದ ಸ್ಪ್ರಿಂಗುಗಳೂ ಯಂತ್ರದ ದಾರಿ ತಪ್ಪಿಸಿದವು. ಸೆಪ್ಟೆಂಬರಿನಲ್ಲಿ ಗಾರ್ಫೀಲ್ಡ್ ತೀರಿಕೊಂಡರು. ಮುಂದೆ ಎರಡನೇ ಮಹಾಯುದ್ಧದಲ್ಲಿ ಪೋಲೆಂಡಿನ ಕೊಸಾಟ್ಸ್ಕಿ ಎಂಬ ಸೈನಿಕ ಎಂಜಿನಿಯರ್ ರೂಪಿಸಿದ ಯಂತ್ರ 1942ರಲ್ಲಿ ಎಲ್ ಅಲಮೇನ್ ಮರಳುಗಾಡಿನಲ್ಲಿ ನೆಲಬಾಂಬು ಹುಡುಕಿತು. ಯುದ್ಧ ಮುಗಿದ ಮೇಲೆ ಅದೇ ವಿದ್ಯೆ ಹವ್ಯಾಸಿಗಳ ಕೈಗೂ ಬಂತು.

ಒಳಗಿನ ಗುಟ್ಟು ಸರಳ. ಸುರುಳಿಯಲ್ಲಿ ಹರಿಯುವ ಕರೆಂಟು ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುತ್ತದೆ. ಅದರಿಂದ ಸುತ್ತಲೂ ಅಯಸ್ಕಾಂತ ಕ್ಷೇತ್ರ. ನೆಲದೊಳಗೆ ಲೋಹವಿದ್ದರೆ ಅದರಲ್ಲೂ ಸಣ್ಣ ಕರೆಂಟು ಹುಟ್ಟಿ, ಅದು ತನ್ನದೇ ಕ್ಷೇತ್ರವನ್ನು ವಾಪಸು ಕಳಿಸುತ್ತದೆ. ಇನ್ನೊಂದು ಸುರುಳಿ ಅದನ್ನು ಹಿಡಿದು ಸದ್ದು ಮಾಡುತ್ತದೆ. ಇಷ್ಟೇ. ಮಂತ್ರವೂ ಇಲ್ಲ, ಮಾಯೆಯೂ ಇಲ್ಲ. ಸಾಧಾರಣ ಯಂತ್ರಕ್ಕೆ ಒಂದು ನಾಣ್ಯ ಕಾಣುವುದು ಅರ್ಧ ಅಡಿ, ಹೆಚ್ಚೆಂದರೆ ಮುಕ್ಕಾಲು ಅಡಿ ಆಳದಲ್ಲಿ. “ನೂರಡಿ ಕೆಳಗಿನ ಚಿನ್ನ ತೋರಿಸ್ತದೆ” ಅಂತ ಯಾರಾದರೂ ಆಂಟೆನಾ ಹಿಡಿದು ಬಂದರೆ ಚಹಾ ಕುಡಿಸಿ ಕಳಿಸಿಬಿಡಿ, ದುಡ್ಡು ಕೊಡಬೇಡಿ. ಇಂಥದ್ದೇ ಬೊಗಳೆ ಆಂಟೆನಾವನ್ನು ಬಾಂಬು ಪತ್ತೆ ಯಂತ್ರ ಎಂದು ಇರಾಕಿಗೆ ಮಾರಿದ ಇಂಗ್ಲೆಂಡಿನ ಮೆಕಾರ್ಮಿಕ್ ಎಂಬಾತನಿಗೆ 2013ರಲ್ಲಿ 10 ವರ್ಷ ಜೈಲಾಯಿತು. ರೈಸ್ ಪುಲ್ಲಿಂಗ್ ಚೊಂಬಿನ ದಂಧೆಯೂ ಇದೇ ಮನೆತನದ್ದು.

ಕಲಿಯುವ ಕ್ರಮ

ಯಂತ್ರ ಬಂದ ದಿನವೇ ಗುಡ್ಡ ಹತ್ತುವುದು ತಪ್ಪು. ಮೊದಲು ಅಂಗಳದಲ್ಲೇ ಪಾಠ. ಒಂದು ರೂಪಾಯಿ, ಹಳೆಯ ಹತ್ತು ಪೈಸೆ, ಒಂದು ಮೊಳೆ, ಹಿತ್ತಾಳೆ ಗುಂಡಿ, ಚಾಕಲೇಟಿನ ಬೇಗಡೆ ಕಾಗದ... ಇವನ್ನು ಎರಡಿಂಚು, ನಾಲ್ಕಿಂಚು, ಆರಿಂಚು ಆಳದಲ್ಲಿ ಹೂತು ಗೂಟ ನೆಡಬೇಕು. ಪ್ರತಿಯೊಂದರ ಸದ್ದನ್ನೂ ಕಿವಿಗೆ ಬಾಯಿಪಾಠ ಮಾಡಿಸಬೇಕು. ಸುರುಳಿಯನ್ನು ನೆಲಕ್ಕೆ ಒಂದಿಂಚು ಮೇಲೆ, ಸಮನಾಗಿ, ನಿಧಾನಕ್ಕೆ ಆಡಿಸಬೇಕು. ಗುಡಿಸಿದ ಜಾಗದ ಅರ್ಧವನ್ನು ಮತ್ತೆ ಗುಡಿಸಬೇಕು. ಕಳೆ ಕೊಚ್ಚಿದ ಹಾಗೆ ಬೀಸಿದರೆ ಏನೂ ಸಿಗೋದಿಲ್ಲ.

ಎರಡನೆಯದು ನೆಲದ ಹೊಂದಾಣಿಕೆ. ಕೊಡಗಿನ ಕೆಂಪು ಮಣ್ಣಿನಲ್ಲಿ ಕಬ್ಬಿಣದ ಅಂಶ ಧಾರಾಳ. ಜಂಬಿಟ್ಟಿಗೆ ನೆಲದಲ್ಲಂತೂ ಕಲ್ಲೇ ಕೂಗುತ್ತದೆ. ಲೋಹವಿಲ್ಲದ ಜಾಗ ನೋಡಿ, ಸುರುಳಿಯನ್ನು ಮೇಲೆ ಕೆಳಗೆ ಆಡಿಸಿ, ಮಣ್ಣಿನ ಸದ್ದು ಅಡಗುವ ತನಕ ಯಂತ್ರವನ್ನು ಹೊಂದಿಸಿಕೊಳ್ಳಬೇಕು. ಆಸೆಬುರುಕತನದಿಂದ ಸೂಕ್ಷ್ಮತೆಯ ಗುಂಡಿಯನ್ನು ಪೂರ್ತಿ ಏರಿಸಿದರೆ ಕಿವಿ ಕಿವುಡಾಗುತ್ತದೆಯೇ ಹೊರತು ಆಳ ಹೆಚ್ಚುವುದಿಲ್ಲ. ಸೋಲಾರ್ ಬೇಲಿಯ ಹತ್ತಿರ, ಕರೆಂಟು ಲೈನಿನ ಕೆಳಗೆ, ಜೇಬಿನಲ್ಲಿ ಮೊಬೈಲ್ ಇಟ್ಟುಕೊಂಡು ಹುಡುಕಿದರೂ ಇದೇ ಗಲಾಟೆ.

ಮೂರನೆಯದು ಆಯ್ಕೆ. “ಕಬ್ಬಿಣಕ್ಕೆ ಕೂಗಬೇಡ” ಅಂತ ಯಂತ್ರಕ್ಕೆ ಹೇಳಬಹುದು. ಆದರೆ ಅಂಗಡಿಯವರಿಗೆ ಗೊತ್ತಿರಬೇಕಾದ ಸಂಗತಿ ಒಂದಿದೆ. ಈಗಿನ ಒಂದು, ಎರಡು ರೂಪಾಯಿ ನಾಣ್ಯಗಳು ಅಯಸ್ಕಾಂತಕ್ಕೆ ಅಂಟುವ ಉಕ್ಕಿನವು. ಕಬ್ಬಿಣ ಬೇಡ ಅಂದರೆ ಅವೂ ತಪ್ಪಿಹೋಗಬಹುದು! ಬೇಗಡೆ ಕಾಗದ ಬೇಡ ಅಂದರೆ ಇನ್ನೂ ಮೋಸ. ತೆಳು ಉಂಗುರ, ಮೂಗುತಿಯಂಥ ಸಣ್ಣ ಚಿನ್ನ ಕೂಗುವುದೂ ಹೆಚ್ಚುಕಡಿಮೆ ಬೇಗಡೆಯ ಸ್ವರದಲ್ಲೇ. ಕಸ ಬೇಡ ಅಂದವನಿಗೆ ಚಿನ್ನವೂ ಇಲ್ಲ. ಇದೇ ಈ ವಿದ್ಯೆಯ ದೊಡ್ಡ ಪಾಠ.

ಕೊಡಗಿಗೆ ಮಾತ್ರ ಸಲ್ಲುವ ಪಾಠ ಎರಡಿವೆ. ಕಾಫಿಯ ಆಹಾರ ಹೀರುವ ಬೇರುಗಳು ಮೇಲ್ಮಣ್ಣಿನಲ್ಲೇ ಹರಡಿರುತ್ತವೆ. ಗಿಡದ ಬುಡದಲ್ಲಿ ಗುದ್ದಲಿ ಹಾಕಿದರೆ ಸಿಗುವ ನಾಣ್ಯಕ್ಕಿಂತ ಹೋಗುವ ಫಸಲೇ ಹೆಚ್ಚು. ಸಣ್ಣ ಕರಣೆಯಲ್ಲಿ ಮಣ್ಣು ಎತ್ತಿ, ನೋಡಿ, ಹಾಗೆಯೇ ಮುಚ್ಚಬೇಕು. ಎರಡನೆಯದು ಜೀವದ ಪ್ರಶ್ನೆ. ಪುಸ್ತಕದಲ್ಲಿ ಹೆಡ್‌ಫೋನು ಹಾಕಿಕೊಳ್ಳಿ ಎಂದಿರುತ್ತದೆ. ಆ ಪುಸ್ತಕ ಬರೆದವನ ಹಿತ್ತಿಲಿಗೆ ಆನೆ ಬರುವುದಿಲ್ಲ! ಸಿದ್ದಾಪುರ, ತಿತಿಮತಿ ಕಡೆಯ ತೋಟದಲ್ಲಿ ಎರಡೂ ಕಿವಿ ಮುಚ್ಚಿ, ತಲೆ ತಗ್ಗಿಸಿ ನಡೆದರೆ ಹಿಂದೆ ಬಿದಿರು ಮುರಿದ ಸದ್ದು ಕೇಳುವುದು ಯಾರಿಗೆ? ಆನೆ ಸುಳಿದಾಡುವ ಕಡೆ ಈ ಹವ್ಯಾಸವೇ ಬೇಡ. ಬೇರೆ ಕಡೆಯೂ ಒಂದು ಕಿವಿ ಹೊರಗಿರಲಿ, ಜೊತೆಗೆ ಒಬ್ಬರಿರಲಿ.

ರಾಜನ ಕೊಪ್ಪರಿಗೆ

ಇಷ್ಟು ಕಲಿತ ಮೇಲೆ ಮನುಷ್ಯನ ಬುದ್ಧಿ ಎಲ್ಲಿಗೆ ಹೋಗುತ್ತದೆ? ನೇರ ಹಾಲೇರಿ ರಾಜರ ನಿಧಿಗೆ! ನಾಲ್ಕುನಾಡು ಅರಮನೆ, ಹಳೆಯ ಕೋಟೆ, ಕಡಂಗ... ಬಸ್ಸಿನಲ್ಲಿ ಪಕ್ಕ ಕೂತವರು ಯಾರಾದರೂ ಒಂದು ಕಥೆ ಹೇಳೇ ಹೇಳುತ್ತಾರೆ.

ಚರಿತ್ರೆ ಹೇಳುವುದು ಬೇರೆ. 1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡು ಚಿಕ್ಕವೀರರಾಜೇಂದ್ರನನ್ನು ಗದ್ದಿಗೆಯಿಂದ ಇಳಿಸಿ ಕಾಶಿಗೆ ಕಳಿಸಿದರು. 1852ರಲ್ಲಿ ಆತ ಮಗಳು ಗೌರಮ್ಮನೊಂದಿಗೆ ಲಂಡನ್ನಿಗೆ ಹೋದ. ಅಲ್ಲಿ ಆತ ಕೋರ್ಟು ಹತ್ತಿದ್ದು ಕಂಪನಿಯ ಸಾಲಪತ್ರಗಳಲ್ಲಿ ಇಟ್ಟಿದ್ದ ಹಣಕ್ಕಾಗಿ. ಹಣ ಕೈಗೆ ಬರಲಿಲ್ಲ, 1859ರಲ್ಲಿ ಅಲ್ಲೇ ತೀರಿಕೊಂಡ. ರಾಜನೇ ಹುಡುಕಿ ಹೋದ ದುಡ್ಡು ಇದ್ದದ್ದು ಕಾಗದದಲ್ಲಿ. ಕಾಗದಕ್ಕೆ ಯಾವ ಯಂತ್ರವೂ ಕೂಗುವುದಿಲ್ಲ.

ಆ ಕಾಲದ ವೀರರಾಯ ಪಣ ಎಂಬ ಚಿನ್ನದ ನಾಣ್ಯವಂತೂ ಅರ್ಧ ಗ್ರಾಮೂ ತೂಗುವುದಿಲ್ಲ. ಬೇಳೆಯಷ್ಟು. ಅಂಗೈಯಿಂದ ಜಾರಿದರೆ ಹಗಲಲ್ಲೂ ಹುಡುಕಬೇಕು. ಇನ್ನು ಜನ ಪಾಂಡುಪಾರೆ ಅನ್ನುವ ಕಲ್ಲುಚಪ್ಪಡಿ ಗೋರಿಗಳು. ಅವು ಶಿಲಾಯುಗದ ನಂತರದ, ಕಬ್ಬಿಣದ ಕಾಲದ ಹಿರಿಯರ ಸಮಾಧಿಗಳು. 19ನೇ ಶತಮಾನದಲ್ಲಿ ಬ್ರಿಟಿಷ್ ಅಧಿಕಾರಿಗಳು ಇಂಥವನ್ನು ತೆರೆಸಿದಾಗ ಒಳಗೆ ಕಂಡದ್ದು ಮಡಕೆ, ಮಣಿ, ತುಕ್ಕು ಹಿಡಿದ ಕಬ್ಬಿಣ. ವಿದ್ವಾಂಸರಿಗೆ ಅದು ಚಿನ್ನಕ್ಕಿಂತ ಹೆಚ್ಚು. ನಿಧಿಗಳ್ಳನಿಗೆ ಅದು ಬರೀ ಬೋಕಿ. ಆತ ಒಡೆದು ಬಿಸಾಕಿ ಹೋದರೆ ಆ ಪುಟ ಮತ್ತೆ ಓದಲು ಸಿಗುವುದಿಲ್ಲ.

ಕಾನೂನೂ ಕೂಗುತ್ತದೆ

ಕರ್ನಾಟಕದಲ್ಲಿ 1962ರ ನಿಧಿ ಕಾಯಿದೆ ಇದೆ. ನೆಲದಲ್ಲಿ ನಿಧಿ ಸಿಕ್ಕಿದರೆ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. ನನ್ನ ತೋಟ, ನನ್ನ ಚೊಂಬು ಅಂತ ಅಟ್ಟಕ್ಕೆ ಏರಿಸುವಂತಿಲ್ಲ. ಮಡಿಕೇರಿ ಕೋಟೆಯ ಅರಮನೆ, ಮುಳ್ಳೂರಿನ ಬಸದಿಗಳಂಥ ಕೇಂದ್ರ ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ 2 ವರ್ಷದವರೆಗೆ ಜೈಲು, ಇಲ್ಲವೆ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ನಿಧಿಗಾಗಿ ವಾಮಾಚಾರ ಮಾಡಿದರೆ 2017ರ ಮೌಢ್ಯ ನಿಷೇಧ ಕಾಯಿದೆ ಬೇರೆ. ಮೀಸಲು ಅರಣ್ಯಕ್ಕಂತೂ ಯಂತ್ರ ಹಿಡಿದು ಕಾಲಿಡುವಂತಿಲ್ಲ. ದೇವಸ್ಥಾನದ ಕೊಳ, ಸಂಗಮದಲ್ಲಿ ಭಕ್ತರು ಹಾಕಿದ ಕಾಸು, ಐನ್‌ಮನೆಯ ಕೈಮಡ... ಇಲ್ಲಿ ಕಾನೂನಿಗಿಂತ ಮೊದಲು ಮರ್ಯಾದೆಯೇ ಬೇಡ ಅನ್ನಬೇಕು.

ಇಂಗ್ಲೆಂಡಿನವರು ಮಾಡುವುದಿಲ್ಲವೇ ಎಂದು ಕೇಳುವವರಿದ್ದಾರೆ. ಮಾಡುತ್ತಾರೆ, ಲೆಕ್ಕ ಒಪ್ಪಿಸಿ ಮಾಡುತ್ತಾರೆ. 2009ರಲ್ಲಿ ಸ್ಟಾಫರ್ಡ್‌ಶೈರಿನ ಹೊಲವೊಂದರಲ್ಲಿ ಟೆರಿ ಹರ್ಬರ್ಟ್ ಎಂಬಾತನಿಗೆ ರಾಶಿ ಚಿನ್ನ ಸಿಕ್ಕಿತು. ರೈತನ ಅನುಮತಿ ಮೊದಲೇ ಇತ್ತು. ಸಿಕ್ಕಿದ್ದನ್ನು ಅಧಿಕಾರಿಗಳಿಗೆ ಒಪ್ಪಿಸಿದ. ಸುಮಾರು 33 ಲಕ್ಷ ಪೌಂಡು ಬೆಲೆ ಕಟ್ಟಿ, ಆತನಿಗೂ ರೈತನಿಗೂ ಹಂಚಿದರು. ಚಿನ್ನ ಮ್ಯೂಸಿಯಮ್ಮಿಗೆ ಹೋಯಿತು. ಅಲ್ಲಿನ ಕಾನೂನು ಬೇರೆ, ಇಲ್ಲಿನದು ಬೇರೆ. ಪ್ರಾಮಾಣಿಕತೆ ಮಾತ್ರ ಎರಡೂ ಕಡೆ ಒಂದೇ.

ಮಣ್ಣಿನಡಿ ಮನೆಗಳು

ಕೊಡಗಿನ ನೆಲದಡಿ ಏನೂ ಇಲ್ಲವೆಂದಲ್ಲ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಕಾಲೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲ ಕಡೆ ಗುಡ್ಡಗಳೇ ಜಾರಿ ಬಂದವು. ಉಟ್ಟ ಬಟ್ಟೆಯಲ್ಲಿ ಹೊರಬಿದ್ದವರ ಮನೆಗಳು ಮಣ್ಣಿನಡಿ ಹೋದವು. ಬೀರು, ಪಾತ್ರೆ, ಮದುವೆಯ ಒಡವೆ ಎಲ್ಲಾ ಹಾಗೇ ಹೋದವು. ಅಂಥ ಕಡೆ ಅದು ನಿಧಿಯಲ್ಲ, ಇನ್ನೊಬ್ಬರ ಮನೆ. ಕಳಕೊಂಡವರು ಕರೆಯದೆ ಅಲ್ಲಿಗೆ ಯಂತ್ರ ಹಿಡಿದು ಹೋದವನಿಗೆ ಹವ್ಯಾಸಿ ಎಂಬ ಹೆಸರು ಸಲ್ಲುವುದಿಲ್ಲ. ಅವರೇ ಕರೆದರೆ, ಅವರ ಮುಂದೆಯೇ ಹುಡುಕಿ ಅವರ ಕೈಗೇ ಕೊಟ್ಟರೆ, ಅದಕ್ಕಿಂತ ದೊಡ್ಡ ಕೆಲಸ ಈ ಯಂತ್ರಕ್ಕಿಲ್ಲ.

ದೇಶದ ಹಲವು ಹುಲಿ ಮೀಸಲುಗಳಲ್ಲಿ ಅರಣ್ಯ ಸಿಬ್ಬಂದಿ ಇದೇ ಬಗೆಯ ಯಂತ್ರದಿಂದ ಬೇಟೆಗಾರರು ಹೂತಿಟ್ಟ ಕಬ್ಬಿಣದ ಬೋನು ಹುಡುಕುತ್ತಾರೆ. ಯಂತ್ರ ಒಂದೇ. ಹಿಡಿದ ಕೈ ಯಾವುದು ಅನ್ನುವುದೇ ಪ್ರಶ್ನೆ.

ಅಂಗಡಿ ಸಾಹುಕಾರರ ವಿಚಾರಕ್ಕೆ ಬಂದರೆ, ಅವರಿಗೂ ಒಂದು ದಿನ ಬಂದೀತು. ಕಾಫಿ ಕುಯ್ಯುವ ಹೊತ್ತಿನಲ್ಲಿ ಯಾರದೋ ಕಿವಿಯೋಲೆ ತರಗೆಲೆಯೊಳಗೆ ಬೀಳುತ್ತದೆ. ಅಜ್ಜನೇ ಬೇಲಿಯಾಚೆಯಿಂದ, “ಸಾವ್ಕಾರ್ರೆ, ನಿಮ್ಮ ಆ ಕಳೆ ಮಿಷನ್ ಒಮ್ಮೆ ತನ್ನಿ ನೋಡುವ” ಅಂತ ಕೂಗುತ್ತಾರೆ. ಬೇಗಡೆಯ ಸ್ವರ, ತೋಟಾದ ಸ್ವರ, ಮೊಳೆಯ ಸ್ವರ ಎಲ್ಲಾ ಕಲಿತ ಕಿವಿಗೆ ಎರಡಿಂಚು ಕೆಳಗಿನ ಓಲೆಯ ಸಣ್ಣ ಸ್ವರ ಸಿಕ್ಕೀತು. ತೂಕ ಮಾಡಿದರೆ ಎರಡು ಗ್ರಾಮು. ಕಳಕೊಂಡವಳಿಗೆ ಅದೇ ಕೊಪ್ಪರಿಗೆ.