ವಿಮಾನ ಹತ್ತುವಂತಿಲ್ಲ ಹಿತ್ತಲ ಕರಿಬೇವು!

ವಿದೇಶಕ್ಕೆ ಹೊರಟವರು ಗಿಡದ ಕಡ್ಡಿ ಕಟ್ಟುವ ಮುನ್ನ ತಿಳಿಯಬೇಕಾದದ್ದು

ಹಿಂದೂಪುರ: ಮಗಳು ಅಮೆರಿಕಕ್ಕೆ ಹೊರಟಳು ಅಂದರೆ ಮನೆಯಲ್ಲಿ ಎಂಟು ದಿನ ಮೊದಲೇ ಸೂಟ್‌ಕೇಸ್ ತೂಕದ ಲೆಕ್ಕ ಶುರು. ಚಟ್ನಿಪುಡಿ, ಹಪ್ಪಳ, ಸಂಡಿಗೆ ಎಲ್ಲ ತುಂಬಿದ ಮೇಲೆ ಅಜ್ಜಿ ಹಿತ್ತಲಿಗೆ ಹೋಗಿ ಕರಿಬೇವಿನ ಸಸಿಯೊಂದನ್ನು ಕಿತ್ತು, ಬೇರಿಗೆ ಒದ್ದೆ ಬಟ್ಟೆ ಸುತ್ತಿ ತರುತ್ತಾರೆ. ಜೊತೆಗೆ ಮಲ್ಲಿಗೆ ಕಡ್ಡಿ, ವೀಳ್ಯದೆಲೆ ಬಳ್ಳಿಯ ತುಂಡು. ‘ಒಂದೇ ಒಂದು ಕಡ್ಡಿ ಅಲ್ವಾ? ಸೀರೆ ಮಡಿಕೆಯೊಳಗೆ ಇಟ್ರೆ ಯಾರಿಗೆ ಗೊತ್ತಾಗ್ತದೆ?’ ಎಂಬ ಮಾತು ಹಿಂದೂಪುರದಲ್ಲೂ ಕಲ್ಯಾಣದುರ್ಗದಲ್ಲೂ ಒಂದೇ.

ಗೊತ್ತಾಗುತ್ತದೆ. ಅಲ್ಲಿನ ವಿಮಾನ ನಿಲ್ದಾಣಗಳಲ್ಲಿ ಎಕ್ಸ್‌ರೇ ಯಂತ್ರಗಳಿವೆ, ಹಣ್ಣು-ಎಲೆಯ ವಾಸನೆ ಹಿಡಿಯಲೆಂದೇ ಪಳಗಿಸಿದ ನಾಯಿಗಳಿವೆ. ಸಿಕ್ಕಿಬಿದ್ದರೆ ಹೋಗುವುದು ಬರೀ ಕಡ್ಡಿಯಲ್ಲ. ದಂಡ ಬೀಳುತ್ತದೆ, ಕೆಲವು ಕಡೆ ವೀಸಾಕ್ಕೇ ಕುತ್ತು ಬರುತ್ತದೆ.

ಕರಿಬೇವಿನ ಮೇಲೇಕೆ ಕಣ್ಣು?

ಕನ್ನಡದವರಿಗೆ ಕರಿಬೇವು, ತೆಲುಗರಿಗೆ ಕರಿವೇಪಾಕು. ಒಗ್ಗರಣೆಗೆ ಬೀಳುವ ಈ ಎಲೆ ನಿಂಬೆ, ಕಿತ್ತಳೆಗಳ ಕುಟುಂಬಕ್ಕೆ ಸೇರಿದ್ದು. ಸಿಲ್ಲಿಡ್ ಎಂಬ ಮೂರ್ನಾಲ್ಕು ಮಿಲಿಮೀಟರಿನ ರಸ ಹೀರುವ ಕೀಟ ಇದರ ಚಿಗುರಿನಲ್ಲಿ ಮೊಟ್ಟೆ ಇಡುತ್ತದೆ. ಅದೇ ಕೀಟ ಕಿತ್ತಳೆ ಜಾತಿಯ ಗಿಡಗಳಿಗೆ ಗ್ರೀನಿಂಗ್ ಎಂಬ ರೋಗ ಹರಡುತ್ತದೆ. ಎಲೆ ಹಳದಿಯಾಗುತ್ತದೆ, ಕಾಯಿ ಸೊಟ್ಟಗಾಗಿ ಉದುರುತ್ತದೆ, ಕೊನೆಗೆ ಮರವೇ ಸೊರಗುತ್ತದೆ. ಬಂದ ಮೇಲೆ ಪೂರ್ತಿ ವಾಸಿ ಮಾಡುವ ಮದ್ದಿಲ್ಲ. ನಮ್ಮ ಅನಂತಪುರ ಸೀಮೆಯ ಚೀನಿ ತೋಟದವರಿಗೆ ಇದರ ಸಂಕಟ ಬಿಡಿಸಿ ಹೇಳಬೇಕಿಲ್ಲ.

ಅಮೆರಿಕದ ಫ್ಲೋರಿಡಾದಲ್ಲಿ ಈ ರೋಗ ಕಂಡದ್ದು 2005ರಲ್ಲಿ. ಅಲ್ಲಿ 2003-04ರಲ್ಲಿ ಸುಮಾರು 24 ಕೋಟಿ ಪೆಟ್ಟಿಗೆ ಕಿತ್ತಳೆ ಬೆಳೆದಿತ್ತು. 2022-23ರಲ್ಲಿ ಸಿಕ್ಕಿದ್ದು ಒಂದೂವರೆ ಕೋಟಿ ಚಿಲ್ಲರೆ ಪೆಟ್ಟಿಗೆ ಮಾತ್ರ. ಇದರಲ್ಲಿ ಚಂಡಮಾರುತದ ಪಾಲೂ ಇದೆ, ಆದರೆ ದೊಡ್ಡ ಹೊಡೆತ ರೋಗದ್ದೇ. ಆದ್ದರಿಂದ ಪ್ರಯಾಣಿಕರು ಕರಿಬೇವಿನ ಸಸಿಯನ್ನಾಗಲೀ ಹಸಿ ಎಲೆಯನ್ನಾಗಲೀ ಅಮೆರಿಕಕ್ಕೆ ಒಯ್ಯುವಂತಿಲ್ಲ.

ನಮ್ಮ ಹೊಲದಲ್ಲೇ ಸಾಕ್ಷಿ

‘ಅವರದ್ದು ಅತಿಯಾಯ್ತು’ ಎನ್ನುವವರು ಊರಾಚೆ ರಸ್ತೆ ಬದಿ ನೋಡಲಿ. ನಾವು ಕಾಂಗ್ರೆಸ್ ಗಿಡ, ತೆಲುಗರು ವಯ್ಯಾರಿ ಭಾಮ, ಮರಾಠಿಯವರು ಗಾಜರ ಗವತ ಎನ್ನುವ ಪಾರ್ಥೇನಿಯಂ ಈ ನೆಲದ್ದಲ್ಲ. 1950ರ ದಶಕದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿತ್ತು. ಹೊರದೇಶದ ಗೋಧಿಯ ಜೊತೆ ಬಂತು ಎಂಬ ಮಾತಿದೆ. ಇವತ್ತು ಅದಿಲ್ಲದ ಊರಿಲ್ಲ.

ರೇಷ್ಮೆ ಬೆಳೆಗಾರರಿಗೆ ಇನ್ನೊಂದು ನೆನಪಿರಬೇಕು. ಮೆಕ್ಸಿಕೊ ಮೂಲದ ಪಪ್ಪಾಯಿ ಹಿಟ್ಟು ತಿಗಣೆ 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡು, ಪಪ್ಪಾಯಿಯ ಜೊತೆಗೆ ಹಿಪ್ಪುನೇರಳೆಯನ್ನೂ ಹಾಳು ಮಾಡಿತು. ಅದನ್ನು ಹತ್ತಿಕ್ಕಲು 2010ರಲ್ಲಿ ಬೆಂಗಳೂರಿನ ಕೃಷಿ ಕೀಟ ಸಂಸ್ಥೆ ಪೋರ್ಟೊರಿಕೊದಿಂದ ಪುಟ್ಟ ಕಣಜಗಳನ್ನು ತರಿಸಿತು. ಉಪಕಾರಕ್ಕೆ ಬಂದ ಆ ಕಣಜಗಳನ್ನೂ ನೇರ ಹೊಲಕ್ಕೆ ಬಿಡಲಿಲ್ಲ. ಅನುಮತಿ ಪಡೆದು, ಕ್ವಾರಂಟೈನ್‌ನಲ್ಲಿಟ್ಟು ಪರೀಕ್ಷಿಸಿದ ಮೇಲೆಯೇ ಬಿಟ್ಟರು.

ಕಾಗದದ ದಾರಿ

ಎಲ್ಲ ಗಿಡಕ್ಕೂ ಬಾಗಿಲು ಮುಚ್ಚಿಲ್ಲ. ಆದರೆ ಎರಡು ಕಾಗದದ ಹೆಸರು ತಿಳಿದಿರಬೇಕು. ಒಂದು, ಹೋಗುವ ದೇಶದ ಇಂಪೋರ್ಟ್ ಪರ್ಮಿಟ್. ಇನ್ನೊಂದು, ನಮ್ಮ ದೇಶದಲ್ಲಿ ಕೊಡುವ ಫೈಟೋಸ್ಯಾನಿಟರಿ ಸರ್ಟಿಫಿಕೇಟ್, ಅಂದರೆ ಗಿಡಕ್ಕೆ ರೋಗ-ಕೀಟ ಇಲ್ಲ ಎಂಬ ಪ್ರಮಾಣಪತ್ರ. ಇದನ್ನು ಕೊಡುವುದು ಕೇಂದ್ರ ಸರ್ಕಾರದ ಸಸ್ಯ ಕ್ವಾರಂಟೈನ್ ಕೇಂದ್ರ. ನಮ್ಮ ಕಡೆಯವರಿಗೆ ಹತ್ತಿರದ್ದು ಬೆಂಗಳೂರು. ಇಲ್ಲಿ ರಾಜ್ಯದ ಗಡಿ ಅಡ್ಡ ಬರುವುದಿಲ್ಲ. ಅರ್ಜಿ ಆನ್‌ಲೈನ್‌ನಲ್ಲಿ ಹಾಕಬೇಕು, ಗಿಡವನ್ನು ಪರೀಕ್ಷೆಗೆ ಒಪ್ಪಿಸಬೇಕು. ಬೆಳಿಗ್ಗೆ ಹೋಗಿ ರಾತ್ರಿ ವಿಮಾನ ಹತ್ತುವ ಕೆಲಸ ಇದಲ್ಲ.

ನಿರ್ಬಂಧವಿಲ್ಲದ ಜಾತಿಯಾದರೆ ಅಮೆರಿಕಕ್ಕೆ 12 ಗಿಡಗಳವರೆಗೆ ಪರ್ಮಿಟ್ ಇಲ್ಲದೆ, ಸರ್ಟಿಫಿಕೇಟ್ ಮಾತ್ರ ಇಟ್ಟುಕೊಂಡು ಒಯ್ಯಬಹುದು. ಬೇರಿನಲ್ಲಿ ಮಣ್ಣಿನ ಕಣವೂ ಇರಕೂಡದು. ಆಸ್ಟ್ರೇಲಿಯಾ ಇನ್ನೂ ಬಿಗಿ. ಜೀವಂತ ಗಿಡಕ್ಕೆ ಪರ್ಮಿಟ್ ಬೇಕೇ ಬೇಕು, ಹೋದ ಮೇಲೆ ಸರ್ಕಾರಿ ಕ್ವಾರಂಟೈನ್‌ನಲ್ಲಿ ತಿಂಗಳುಗಟ್ಟಲೆ ಇರಬೇಕಾಗಬಹುದು, ಖರ್ಚೂ ನಮ್ಮದೇ. ಎರಡು ಮಲ್ಲಿಗೆ ಕಡ್ಡಿಗೆ ಇಷ್ಟೆಲ್ಲ ಬೇಕಾ ಎಂದು ಮನೆಯವರೇ ಕೂತು ಲೆಕ್ಕ ಹಾಕಬೇಕು.

ಮುಚ್ಚಿಟ್ಟರೆ ಕಷ್ಟ, ಹೇಳಿದರೆ ಇಲ್ಲ

ಇಡೀ ವಿಷಯದಲ್ಲಿ ನೆನಪಿಡಬೇಕಾದ ಮುಖ್ಯ ಮಾತು ಇದು. ಕೊಟ್ಟ ಫಾರಂನಲ್ಲಿ ‘ಗಿಡ, ಬೀಜ, ಆಹಾರ ಇದೆ’ ಎಂದು ಬರೆದು ತೋರಿಸಿದರೆ, ಬೇಡದ್ದನ್ನು ತೆಗೆದುಕೊಂಡು ಕಳಿಸುತ್ತಾರೆ, ದಂಡ ಹಾಕುವುದಿಲ್ಲ. ‘ಇಲ್ಲ’ ಎಂದು ಬರೆದು ಸಿಕ್ಕಿಬಿದ್ದರೆ ಅಮೆರಿಕದಲ್ಲಿ ಮೊದಲ ಸಲವೇ 1,000 ಡಾಲರ್‌ವರೆಗೆ ದಂಡ ಬೀಳಬಹುದು. ನ್ಯೂಜಿಲೆಂಡ್‌ನಲ್ಲಿ ಸ್ಥಳದಲ್ಲೇ 400 ಡಾಲರ್. ಆಸ್ಟ್ರೇಲಿಯಾದಲ್ಲಿ 2019ರಲ್ಲಿ ಆಹಾರ ಪದಾರ್ಥ ಮುಚ್ಚಿಟ್ಟ ಪ್ರವಾಸಿಯೊಬ್ಬರ ವೀಸಾ ರದ್ದು ಮಾಡಿ ವಾಪಸ್ ಕಳಿಸಿದರು. ಸಾಲ ಮಾಡಿ ಓದಲು ಕಳಿಸಿದ ಮಗ ಕಡ್ಡಿಯ ದೆಸೆಯಿಂದ ವಿಮಾನ ನಿಲ್ದಾಣದಲ್ಲಿ ತಲೆ ತಗ್ಗಿಸಿ ನಿಲ್ಲುವುದು ಯಾರಿಗೂ ಬೇಡ. ಮಕ್ಕಳ ಮನೆಗೆ ಮೊದಲ ಬಾರಿ ಹೋಗುವ ಅಪ್ಪ-ಅಮ್ಮನಿಗೆ ಈ ಫಾರಂ ಇಂಗ್ಲಿಷ್‌ನಲ್ಲಿರುತ್ತದೆ. ಹೊರಡುವ ಮೊದಲೇ ಯಾರಾದರೂ ಓದಿ ಹೇಳಬೇಕು.

ಹೊರಡುವವರಿಗೆ ಕಿವಿಮಾತು

* ಗಿಡದ ಸಸ್ಯಶಾಸ್ತ್ರೀಯ ಹೆಸರು ತಿಳಿದುಕೊಳ್ಳಿ. ನಿಯಮ ನೋಡಲು ಅದೇ ಬೇಕು.

* ಹೋಗುವ ದೇಶದ ಕೃಷಿ ಇಲಾಖೆಯ ವೆಬ್‌ಸೈಟ್ ನೋಡಿ. ‘ಪಕ್ಕದ ಮನೆಯವರು ಒಯ್ದಿದ್ದರು’ ಎಂಬುದು ಆಧಾರವಲ್ಲ.

* ಬೀಜವಾದರೆ ನಡೆಯುತ್ತದೆ ಎಂದುಕೊಳ್ಳಬೇಡಿ. ಅದಕ್ಕೂ ನಿಯಮ ಇದೆ.

* ಚಟ್ನಿಪುಡಿ, ಒಣಗಿಸಿದ ಎಲೆ ಇದ್ದರೂ ಫಾರಂನಲ್ಲಿ ಬರೆಯಿರಿ.

* ಕರಿಬೇವಿನ ಸಸಿ ಅಲ್ಲಿನ ನರ್ಸರಿಗಳಲ್ಲೇ ಕೊಳ್ಳಬಹುದು. ಅಮೆರಿಕದಲ್ಲಿ ರೋಗ ಇರುವ ಪ್ರದೇಶದಿಂದ ಆಚೆ ಸಾಗಿಸಲು ನಿರ್ಬಂಧ ಇರುವುದರಿಂದ ತಮ್ಮ ಊರಿನಲ್ಲೇ ವಿಚಾರಿಸಿ ಕೊಳ್ಳುವುದು ಕ್ಷೇಮ.

ಅಜ್ಜಿಯ ಕೈಯ ಸಸಿ ಅಜ್ಜಿಯ ಹಿತ್ತಲಲ್ಲೇ ಇರಲಿ. ರಜೆಗೆ ಬಂದಾಗ ಮೊಮ್ಮಕ್ಕಳು ಅದಕ್ಕೆ ನೀರು ಹಾಕಿದರೆ ಯಾವ ಪರ್ಮಿಟ್ಟೂ ಬೇಕಿಲ್ಲ.